ಮುಷ್ಕರದ ತೀರ್ಪನ್ನು ಹಸಿವಿನ ಕೈಗೆ ಕೊಡಬೇಡಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,



ಕಡಿಮೆ ಸಂಬಳಕ್ಕೆ ದುಡಿಯುವ ಹೆಣ್ಣುಮಗಳೊಬ್ಬಳು ಕಾನೂನು ಹೇಳಿದಂತೆ ನೋಟಿಸು ಕೊಟ್ಟು ಮುಷ್ಕರಕ್ಕೆ ಕೂತರೆ, ಆ ದಿನಗಳಲ್ಲಿ ಅವಳ ಮನೆಯ ಒಲೆ ಉರಿಯಲು ಸರ್ಕಾರ ನೆರವಾಗಬೇಕೇ? ಆಗಬೇಕು ಎಂದು ನಾನು ನಂಬಿದ್ದೇನೆ. ಅದು ಯಾಕೆ, ಅದಕ್ಕೆ ನೀವೇನು ಮಾಡಬಹುದು ಎಂದು ಹೇಳಲು ಈ ಪತ್ರ. ನಿಮ್ಮಲ್ಲಿ ಯಾವ ಪಕ್ಷದವರಿಗೂ ಇದು ವಿಶೇಷವಾಗಿ ಬರೆದದ್ದಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನೀವೆಲ್ಲರೂ ಒಂದಲ್ಲ ಒಂದು ಸಲ ಆಡಳಿತದ ಸಾಲಿನಲ್ಲೂ ಕೂತಿದ್ದೀರಿ, ಫ್ರೀಡಂ ಪಾರ್ಕಿನ ಧರಣಿಯ ಪೆಂಡಾಲಿಗೂ ಬಂದು ಮೈಕು ಹಿಡಿದಿದ್ದೀರಿ.

ಮುಷ್ಕರ ಎಂದ ಕೂಡಲೇ ನಮ್ಮಲ್ಲಿ ಎರಡೇ ಮಾತು ಏಳುತ್ತವೆ. ಬೇಡಿಕೆ ನ್ಯಾಯವೇ, ಜನರಿಗೆ ತೊಂದರೆಯಾಯಿತೇ. ಹತ್ತನೇ ದಿನ, ಹದಿನೈದನೇ ದಿನ ಆ ಮನೆಯವರು ಏನು ತಿಂದರು ಎಂದು ಯಾರೂ ಕೇಳುವುದಿಲ್ಲ. ಆದರೆ ಮುಷ್ಕರ ಗೆದ್ದಿತೋ ಸೋತಿತೋ ಎಂಬುದು ಬಹಳ ಸಲ ತೀರ್ಮಾನವಾಗುವುದು ಅಲ್ಲೇ.

ಮೊದಲು ಕಾನೂನಿನ ಒಂದು ಸಾಲನ್ನು ನಿಮ್ಮ ಗಮನಕ್ಕೆ ತರುತ್ತೇನೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಇಎಸ್‌ಐ, ಅದರ 63ನೇ ಕಲಂ. ಕಾರ್ಮಿಕರು ಮುಷ್ಕರದಲ್ಲಿರುವ ಯಾವುದೇ ದಿನಕ್ಕೆ ಕಾಯಿಲೆಯ ಭತ್ಯೆಯಾಗಲಿ, ಪೆಟ್ಟಾಗಿ ಕೆಲಸ ಮಾಡಲಾಗದ ದಿನಗಳ ಭತ್ಯೆಯಾಗಲಿ ಸಿಗುವುದಿಲ್ಲ ಎಂದು ಅದು ಹೇಳುತ್ತಿತ್ತು. ಇಎಸ್‌ಐ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ, ಮುಷ್ಕರದ ನೋಟಿಸಿಗೆ ಮುಂಚೆಯೇ ಭತ್ಯೆ ಪಡೆಯುತ್ತಿದ್ದರೆ, ಇಂಥ ಕೆಲವು ಸಂದರ್ಭಗಳಿಗೆ ನಿಯಮಾವಳಿಯಲ್ಲಿ ವಿನಾಯಿತಿ ಇತ್ತು, ನಿಜ. ಆದರೆ ಮುಷ್ಕರದ ನಡುವೆ ಮನೆಯಲ್ಲಿ ಟೈಫಾಯ್ಡ್ ಹತ್ತಿ ಮಲಗಿದವಳಿಗೆ ಇರಲಿಲ್ಲ.

ಈ ವಿಮೆ ಯಾರೂ ಕೊಟ್ಟ ದಾನವಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಸಂಬಳದ ಶೇ. 0.75 ಕಾರ್ಮಿಕರಿಂದ, ಶೇ. 3.25 ಮಾಲೀಕರಿಂದ ತಿಂಗಳು ತಿಂಗಳು ಜಮೆಯಾಗುತ್ತದೆ. ಗಾರ್ಮೆಂಟ್ಸ್ ಲೈನಿನಲ್ಲಿ 12,000 ರೂಪಾಯಿಗೆ ದುಡಿಯುವ ಟೈಲರ್ ಒಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಆಕೆಯ ಕೈಯಿಂದ 90 ರೂಪಾಯಿ, ಆಕೆಯ ಹೆಸರಿನಲ್ಲಿ ಮಾಲೀಕರಿಂದ 390 ರೂಪಾಯಿ. ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ. 70 ಸಿಗಬೇಕು ಎಂಬ ಒಪ್ಪಂದದ ಮೇಲೆ ಕಟ್ಟಿದ ಹಣ ಇದು. ಮುಷ್ಕರ ಹೂಡಿದವರಿಗೆ ರೋಗ ಬರುವುದಿಲ್ಲ ಎಂದು ಯಾವ ವೈದ್ಯರೂ ಹೇಳಿಲ್ಲ. ತನ್ನ ಕಂತು ತಾನು ಕಟ್ಟಿದ ವಿಮೆಯೂ, ಆಕೆ ದನಿ ಎತ್ತಿದ ದಿನ ಆಕೆಯ ಕೈಬಿಡುತ್ತಿತ್ತು. ಈ ಕಾಯ್ದೆಯ ಹಿಂದೆ ಒಂದು ನಂಬಿಕೆ ಕೂತಿದೆ: ಕೆಲಸ ನಿಲ್ಲಿಸಿದವರು ತಾವಾಗಿಯೇ ಹೊರಗೆ ಹೋದವರು, ಅವರ ಪಾಡು ಅವರಿಗೆ. ನನ್ನ ತಕರಾರು ಈ ನಂಬಿಕೆಯ ಮೇಲೆ.

2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಕಾರ್ಮಿಕರಿಗೆ 58 ವರ್ಷ ತುಂಬುವವರೆಗೆ ಪಿಎಫ್‌ನಲ್ಲಿರುವ ಮಾಲೀಕರ ಪಾಲನ್ನು ಬಿಡಿಸಿಕೊಳ್ಳುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಯವರೂ ಇಳಿದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅವೆರಡೂ ಆಗಬಾರದಿತ್ತು. ಆದರೆ 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವರು ಅಧಿಸೂಚನೆಯನ್ನು ವಾಪಸು ಪಡೆದರು. ಬೆಂಗಳೂರಿನ ಹೆಣ್ಣುಮಕ್ಕಳು ಇಡೀ ದೇಶದ ಕಾರ್ಮಿಕರಿಗೆ ಆ ಹಣ ಉಳಿಸಿಕೊಟ್ಟರು.

ಆ ಹಣಕ್ಕಾಗಿ ಅಷ್ಟು ಸಿಟ್ಟು ಯಾಕೆ ಬಂತು? ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದು ಸೇರುವ ನಡುವಿನ ಖಾಲಿ ತಿಂಗಳಿಗೆ, ಮಕ್ಕಳ ಶಾಲೆ ಫೀಸಿಗೆ, ಬಾಣಂತನಕ್ಕೆ, ಊರಿನ ಸಾಲಕ್ಕೆ ಅವರ ಕೈಗೆ ಸಿಗುತ್ತಿದ್ದ ಇಡಿಗಂಟು ಅದೊಂದೇ. ನಿರುದ್ಯೋಗ ಭತ್ಯೆ ಎಂಬುದು ಸರಿಯಾಗಿ ಇಲ್ಲದ ನಾಡಿನಲ್ಲಿ ಪಿಎಫ್ಫೇ ಅವರಿಗೆ ನಿರುದ್ಯೋಗ ಭತ್ಯೆ. ಮುದಿತನಕ್ಕೆಂದು ಇಟ್ಟ ಹಣವನ್ನು ಮೂವತ್ತರ ವಯಸ್ಸಿನಲ್ಲೇ ತಿನ್ನಬೇಕಾದ ಸ್ಥಿತಿ ಅವರದು. ಅದನ್ನೂ ಮುಟ್ಟಬೇಡಿ ಎಂದಾಗ ರಸ್ತೆಗೆ ಬಂದರು.

ಇನ್ನೊಂದು ಸಂಗತಿ ಹೇಳಬೇಕು. ಅವರು ಎರಡು ದಿನದಲ್ಲಿ ಗೆದ್ದರು. ಎರಡು ದಿನದ ಕೂಲಿ ಕಳೆದುಕೊಂಡರೂ ತಿಂಗಳು ಹೇಗೋ ಕಳೆಯುತ್ತದೆ. ಅದೇ ಇಪ್ಪತ್ತು ದಿನ ಎಳೆದಿದ್ದರೆ? ಬಾಡಿಗೆಯ ಒಂದು ಕೋಣೆ, ತಿಂಗಳ ಮೊದಲ ವಾರ ಬಾಗಿಲಿಗೆ ಬರುವ ಓನರು. ವಾರ ವಾರ ಕಟ್ಟಬೇಕಾದ ಸಂಘದ ಕಂತು. ಅಂಗಡಿಯ ಪುಸ್ತಕದಲ್ಲಿ ಬರೆಸಿದ ಸಾಮಾನಿನ ಲೆಕ್ಕ. ಊರಿನಲ್ಲಿ ಅತ್ತೆ ಮಾವನಿಗೆ ಕಳಿಸಬೇಕಾದ ದುಡ್ಡು. ಇಷ್ಟನ್ನೂ ಎದುರಿಗಿಟ್ಟುಕೊಂಡು ಆಕೆ ಎಷ್ಟು ದಿನ ಕೂರಬಲ್ಲಳು? ಕಂತು ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಮೊದಲು ಸುಗ್ರೀವಾಜ್ಞೆ ಬಂತು, ಆಮೇಲೆ ನೀವೇ ಸದನದಲ್ಲಿ ಮಸೂದೆಗೆ ಒಪ್ಪಿಗೆ ಕೊಟ್ಟಿರಿ. ಮುಷ್ಕರದ ಮೂರನೇ ವಾರ ಇಂಥ ಸಾಲ ಕೊಡುವವರ ಮನೆಬಾಗಿಲಿಗೆ ಆಕೆಯನ್ನು ಮತ್ತೆ ತಳ್ಳುತ್ತದೆ. ಎದುರು ಕೂತ ಕಂಪನಿಗೂ ನಷ್ಟವಾಗುತ್ತದೆ, ಆರ್ಡರು ಕೈತಪ್ಪುತ್ತದೆ. ಆದರೆ ಆ ನಷ್ಟಕ್ಕೆ ಮ್ಯಾನೇಜರ ಮನೆಯ ಮಗು ರಾತ್ರಿ ಊಟ ಬಿಡುವುದಿಲ್ಲ.

ಬೇಡಿಕೆ ಸರಿಯೋ ತಪ್ಪೋ ಎಂದು ತೂಗುವವರು ಇಲ್ಲಿ ಯಾರೂ ಇಲ್ಲ. ಯಾರ ಮನೆಯ ಅಕ್ಕಿ ಮೊದಲು ಮುಗಿಯುತ್ತದೋ ಅವರು ಸೋತರು. ಈ ರೀತಿ ಬಂದ ಫಲಿತಾಂಶವನ್ನು ನಾವು ರಾಜಿ, ಇತ್ಯರ್ಥ, ಕೈಗಾರಿಕಾ ಶಾಂತಿ ಎಂದೆಲ್ಲ ಕರೆಯುತ್ತಿದ್ದೇವೆ.

ಸಂಬಳದ ವಿಷಯದಲ್ಲಿ ನ್ಯಾಯಾಲಯ ಏನು ಹೇಳಿದೆ ಎಂಬುದನ್ನೂ ನೋಡಿ. ನಮ್ಮ ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ ತೀರ್ಪು ಕೊಟ್ಟಿತು. ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯಸಮ್ಮತವೂ ಆಗಿರಬೇಕು, ಎರಡೂ ಇದ್ದರೆ ಮಾತ್ರ ಆ ಅವಧಿಯ ಸಂಬಳ ಕೇಳಬಹುದು. ಈ ತೀರ್ಪಿನ ಬಗ್ಗೆ ನನಗೆ ದೊಡ್ಡ ಜಗಳವಿಲ್ಲ. ದುಡಿಯದ ದಿನದ ಸಂಬಳ ಮಾಲೀಕರು ಕೊಡಲೇಬೇಕು ಎಂದು ನಾನು ಇಲ್ಲಿ ವಾದಿಸುತ್ತಿಲ್ಲ. ಆದರೆ ನ್ಯಾಯಸಮ್ಮತವೇ ಎಂದು ನಿರ್ಣಯವಾಗಲು ವರ್ಷಗಟ್ಟಲೆ ಬೇಕು. ಹಸಿವು ಅದೇ ವಾರ ಬರುತ್ತದೆ. ನಡುವಿನ ಈ ಅಂತರಕ್ಕೆ ಮಾಲೀಕರೂ ಹೊಣೆಯಲ್ಲ, ನ್ಯಾಯಾಲಯವೂ ಅಲ್ಲ ಎಂದಾದರೆ ಉಳಿಯುವುದು ಸರ್ಕಾರವೇ.

ಈ ಪ್ರಶ್ನೆಯನ್ನು ಬೇರೆ ನಾಡುಗಳು ಬಹಳ ಹಿಂದೆಯೇ ಎದುರಿಸಿವೆ. 1898ರಲ್ಲಿ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಳು ತಿಂಗಳುಗಟ್ಟಲೆ ನಿಂತಾಗ ಮರ್ಥಿರ್ ಟಿಡ್‌ಫಿಲ್ ಎಂಬಲ್ಲಿ ಬಡವರ ಪರಿಹಾರ ಮಂಡಳಿ ಗಣಿ ಕಾರ್ಮಿಕರ ಮನೆಗಳಿಗೆ ನೆರವು ಕೊಟ್ಟಿತು. ಗಣಿ ಕಂಪನಿಗಳ ಕಡೆಯಿಂದ ಅದು ನ್ಯಾಯಾಲಯಕ್ಕೆ ಹೋಯಿತು. 1900ರಲ್ಲಿ ಬಂದ ತೀರ್ಪು ಹೀಗೆ: ಮೈಯಲ್ಲಿ ಶಕ್ತಿಯಿದ್ದೂ ಕೆಲಸಕ್ಕೆ ಹೋಗದ ಗಂಡಸಿಗೆ ಕೊಡುವಂತಿಲ್ಲ, ಅವನ ಹೆಂಡತಿ ಮಕ್ಕಳಿಗೆ ಕೊಡಬಹುದು. ಉಪವಾಸದಿಂದ ಅವನು ಕೆಲಸ ಮಾಡಲಾರದಷ್ಟು ನಿತ್ರಾಣನಾದರೆ ಆಗ ಅವನಿಗೂ ಕೊಡಬಹುದು. ಬ್ರಿಟನ್ನಿನ ಕಾನೂನು ಮುಂದೆ ಎಷ್ಟೋ ದಶಕ ಈ ಗೆರೆಯ ಮೇಲೇ ನಡೆಯಿತು. ಮುಷ್ಕರ ಹೂಡಿದ ಗಂಡಸು ಬೇರೆ, ಉಪವಾಸ ಬೀಳುವ ಸಂಸಾರ ಬೇರೆ.

ಈ ಗೆರೆಯನ್ನು ಬೆಂಗಳೂರಿಗೆ ತಂದು ಎಳೆಯಲು ನೋಡಿ, ಎಳೆಯಲಾಗುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅಂಗನವಾಡಿ, ಆಶಾ, ಬಿಸಿಯೂಟ, ಇವೆಲ್ಲ ಪೂರ್ತಿಯಾಗಿ ಎನ್ನುವಷ್ಟು ಹೆಂಗಸರ ದುಡಿಮೆ. ಪೌರಕಾರ್ಮಿಕರಲ್ಲೂ ಅರ್ಧಕ್ಕಿಂತ ಹೆಚ್ಚು ಅವರೇ ಕಣ್ಣಿಗೆ ಬೀಳುತ್ತಾರೆ. ಇಲ್ಲಿ ಮುಷ್ಕರಕ್ಕೆ ಕೂತವಳೇ ಸಂಸಾರ ಸಾಕುವವಳು, ಒಲೆ ಹಚ್ಚುವವಳು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು. ಆಕೆಗೆ ಕೊಡಬೇಡಿ ಆದರೆ ಮಕ್ಕಳಿಗೆ ಕೊಡಿ ಎಂದರೆ ಯಾರ ಕೈಗೆ ಕೊಡುವಿರಿ? ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕಬೇಕು ಎಂದು ಈ ರಾಜ್ಯ 2023ರಲ್ಲಿ ತೀರ್ಮಾನಿಸಿದ್ದು, ಮನೆಯ ಹೊಟ್ಟೆಯ ಲೆಕ್ಕ ಆಕೆಯ ಕೈಯಲ್ಲಿದೆ ಎಂಬ ತಿಳಿವಳಿಕೆಯಿಂದಲೇ ಅಲ್ಲವೇ? ಆ ತಿಳಿವಳಿಕೆ ಆಕೆ ಫ್ಯಾಕ್ಟರಿ ಗೇಟಿನ ಹೊರಗೆ ಕೂತ ದಿನವೂ ಇರಬೇಕು.

ಬ್ರಿಟನ್ ಆಮೇಲೆ ಇನ್ನೂ ಬಿಗಿಯಾಯಿತು. 1980ರಲ್ಲಿ ಒಂದು ಕಾನೂನು ಬಂತು. ಮುಷ್ಕರ ಹೂಡಿದವರ ಮನೆಗೆ ಕೊಡುವ ನೆರವಿನಿಂದ ವಾರಕ್ಕೆ 12 ಪೌಂಡ್ ಕಳೆಯಬೇಕು, ಏಕೆಂದರೆ ಅಷ್ಟನ್ನು ಅವರ ಸಂಘ ಕೊಟ್ಟಿದೆ ಎಂದು ಭಾವಿಸಬೇಕು. ಸಂಘ ಕೊಡಲಿ, ಕೊಡದಿರಲಿ. 1984–85ರ ಗಣಿ ಕಾರ್ಮಿಕರ ಮಹಾ ಮುಷ್ಕರದ ಹೊತ್ತಿಗೆ ಆ ಮೊತ್ತ 15 ಪೌಂಡಿಗೆ ಏರಿತ್ತು, ಮುಷ್ಕರ ನಡೆಯುತ್ತಿರುವಾಗಲೇ 16 ಆಯಿತು. ಗಣಿ ಕಾರ್ಮಿಕರ ಸಂಘ ಸಾಮಾನ್ಯ ಸದಸ್ಯರಿಗೆ ಮುಷ್ಕರದ ಭತ್ಯೆ ಕೊಡುತ್ತಿರಲಿಲ್ಲ. ಬಾರದ ಹಣವನ್ನು ಬಂದಂತೆ ಲೆಕ್ಕ ಹಿಡಿದರು. ಗಣಿಯೂರುಗಳ ಹೆಂಗಸರು ಸಾಮೂಹಿಕ ಅಡುಗೆಮನೆ ನಡೆಸಿ ಒಂದು ವರ್ಷ ಊರನ್ನು ಸಾಕಿದರು. ಈಗಿನ ಯೂನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲೂ ಅದೇ ದಾರಿ: ಕಡಿಮೆ ಸಂಬಳದವರು ಮುಷ್ಕರ ಹೂಡಿ ಕೂಲಿ ಕಳೆದುಕೊಂಡರೆ, ಕಳೆದುಕೊಂಡೇ ಇಲ್ಲ ಎಂದು ಭಾವಿಸಿ ನೆರವಿನ ಲೆಕ್ಕ ಮಾಡುತ್ತಾರೆ. ಅಮೆರಿಕದಲ್ಲೂ 1981ರಿಂದ ಮುಷ್ಕರದ ಮನೆಗೆ ಆಹಾರ ಕೂಪನ್ನು ಹೊಸದಾಗಿ ಸಿಗದಂತೆ ಮಾಡಿದರು, 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಾವು ಈ ವಿಷಯದಲ್ಲಿ ಅವರಿಗಿಂತ ಒಂದು ಹೆಜ್ಜೆ ಮೇಲಿದ್ದೇವೆ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತುವಾಗ ನೀನು ಮುಷ್ಕರದಲ್ಲಿದ್ದೀಯಾ ಎಂದು ಯಂತ್ರ ಕೇಳುವುದಿಲ್ಲ. ಅನ್ನಭಾಗ್ಯದ ಅಕ್ಕಿ, ಶಕ್ತಿಯ ಬಸ್ಸು, ಗೃಹಜ್ಯೋತಿಯ ಕರೆಂಟು, ಯಾವುದಕ್ಕೂ ಆ ಷರತ್ತು ಇಲ್ಲ. ಜಿಲ್ಲೆಗಳಿಂದ ಬಂದು ಫ್ರೀಡಂ ಪಾರ್ಕಿನಲ್ಲಿ ಕೂರುವ ಹೆಣ್ಣುಮಗಳ ಮನೆಯಲ್ಲಿ ಇವತ್ತು ಅನ್ನವಾದರೂ ಬೇಯುತ್ತಿದ್ದರೆ ಅದಕ್ಕೆ ಈ ಯೋಜನೆಗಳೂ ಕಾರಣ. ಅಂದರೆ ಸರ್ಕಾರ ಮುಷ್ಕರದವರಿಗೆ ನೆರವಾಗಬೇಕೇ ಎಂಬ ಪ್ರಶ್ನೆಗೆ ಕರ್ನಾಟಕ ಅರ್ಧ ಉತ್ತರ ಕೊಟ್ಟುಬಿಟ್ಟಿದೆ. ಅಕ್ಕಿಗೆ ಒಪ್ಪಿದವರು ಬಾಡಿಗೆಗೆ, ಔಷಧಿಗೆ ಯಾಕೆ ಒಪ್ಪಬಾರದು ಎಂಬುದಷ್ಟೇ ಉಳಿದಿದೆ.

ಈಗ ನನ್ನ ಮಾತಿಗೆ ಎದುರಾಗಿ ನಿಲ್ಲುವ ಅತಿ ಗಟ್ಟಿ ವಾದಕ್ಕೆ ಬರುತ್ತೇನೆ. ಅದು ಮಾಲೀಕರಿಂದ ಬಂದದ್ದಲ್ಲ, ಗಾಂಧೀಜಿಯಿಂದ ಬಂದದ್ದು.

1918ರ ಫೆಬ್ರುವರಿ 22ರಂದು ಅಹಮದಾಬಾದಿನ ಗಿರಣಿಗಳಲ್ಲಿ ನೇಕಾರರಿಗೆ ಬೀಗಮುದ್ರೆ ಬಿತ್ತು. ಪ್ಲೇಗಿನ ಕಾಲದ ಬೋನಸ್ಸು ನಿಂತಿತ್ತು, ಬೆಲೆ ಏರಿತ್ತು. ಕಾರ್ಮಿಕರು ಶೇ. 35 ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಬೆನ್ನಿಗೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಬೆನ್. ಗಾಂಧೀಜಿ ಕಾರ್ಮಿಕರಿಗೆ ಹಾಕಿದ ಷರತ್ತುಗಳಲ್ಲಿ ಒಂದು, ಎಷ್ಟೇ ದಿನವಾದರೂ ಭಿಕ್ಷೆಯ ಮೇಲೆ ಬದುಕಬಾರದು. ಬೇರೆ ಕೂಲಿ ಮಾಡಿ ಉಣ್ಣಿ ಎಂದರು. ದಾನದ ಬಲದಿಂದ ನಿಂತ ಹಟ ಹಟವೇ ಅಲ್ಲ ಎಂಬುದು ಅವರ ಎಣಿಕೆ. ಸಾಬರಮತಿ ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆ ಶಾಲೆಗೆ ಮರಳು ಹೊರುವ ಕೆಲಸ ಕೊಟ್ಟರು. ಬುಟ್ಟಿ ಹೊತ್ತ ಸಾಲಿನಲ್ಲಿ ಅನಸೂಯಾ ಬೆನ್ ಕೂಡ ನಡೆದರು.

ಈ ವಾದದಲ್ಲಿ ಒಂದು ದೊಡ್ಡತನವಿದೆ. ಅದನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಆದರೆ ಮುಂದೆ ಏನಾಯಿತು ಎಂಬುದನ್ನು ಮರೆಯಬಾರದು. ಮೂರು ವಾರ ಕಳೆಯುವಾಗ ಜನ ಕುಗ್ಗಿದರು. ಮೋಟಾರಿನಲ್ಲಿ ಬಂದು ಹೋಗುವವರಿಗೆ, ಹೊತ್ತಿಗೆ ಸರಿಯಾಗಿ ಉಣ್ಣುವವರಿಗೆ ನಮ್ಮ ಹಸಿವು ಏನು ಗೊತ್ತು ಎಂದು ಗೊಣಗಿದರು. ಆ ಮಾತು ಗಾಂಧೀಜಿಯ ಕಿವಿಗೆ ಬಿತ್ತು. ಮಾರ್ಚ್ 15ರಂದು ಅವರೇ ಉಪವಾಸಕ್ಕೆ ಕೂತರು. ಮೂರು ದಿನದಲ್ಲಿ ಮಾಲೀಕರು ಮಣಿದರು, 18ರಂದು ಒಪ್ಪಂದವಾಯಿತು. ಕೊನೆಗೆ ಪಂಚಾಯಿತಿದಾರರಾಗಿದ್ದ ಆನಂದಶಂಕರ ಧ್ರುವ ಅವರು ಶೇ. 35ನ್ನೇ ಎತ್ತಿಹಿಡಿದರು. ಬೇಡಿಕೆ ಮೊದಲ ದಿನವೂ ನ್ಯಾಯವಾಗಿಯೇ ಇತ್ತು. ಆದರೂ ಹಸಿವು ಅದನ್ನು ಇನ್ನೇನು ಸೋಲಿಸುವುದರಲ್ಲಿತ್ತು. ದೇಶವೇ ಗೌರವಿಸುವ ಒಬ್ಬ ಮನುಷ್ಯ ಪ್ರಾಣ ಪಣಕ್ಕಿಟ್ಟಿದ್ದರಿಂದ ಅದು ಉಳಿಯಿತು. ಎಲ್ಲ ಫ್ಯಾಕ್ಟರಿಯ ಗೇಟಿಗೂ ಒಬ್ಬ ಗಾಂಧಿ ಬರುವುದಿಲ್ಲ, ಎಲ್ಲ ಊರಿನಲ್ಲೂ ಮರಳು ಹೊರಿಸುವ ಆಶ್ರಮ ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಗಾಂಧೀಜಿ ಬೇಡವೆಂದದ್ದು ಸಿರಿವಂತರ ದಾನವನ್ನು. ತಾನೇ ಕಂತು ಕಟ್ಟಿದ ನಿಧಿಯಿಂದ, ಕಾನೂನು ಗೊತ್ತುಮಾಡಿದ ಹಕ್ಕಿನಂತೆ ಬರುವ ಹಣ ದಾನವಲ್ಲ. ಅಂಥ ನಿಧಿ 1918ರಲ್ಲಿ ಇರಲಿಲ್ಲ. ಈಗ ಇದೆ.

ಸರ್ಕಾರ ಯಾರ ಕಡೆಗೂ ವಾಲಬಾರದು, ಸುಮ್ಮನಿರುವುದೇ ನ್ಯಾಯ ಎನ್ನುವವರು ನಿಮ್ಮಲ್ಲಿ ಇದ್ದಾರೆ. ಆದರೆ ಸರ್ಕಾರ ಈಗ ಸುಮ್ಮನಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಯಾವ ಕೈಗಾರಿಕಾ ಸಂಸ್ಥೆಯಲ್ಲೂ 14 ದಿನದ ನೋಟಿಸಿಲ್ಲದೆ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ತಪ್ಪಿದರೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನುಬಾಹಿರ ಮುಷ್ಕರಕ್ಕೆ ತಿಳಿದೂ ಹಣ ಕೊಡುವುದು ಹಿಂದಿನ ಕಾನೂನಿನಲ್ಲೂ ಅಪರಾಧವಾಗಿತ್ತು, ಈಗಲೂ ಅಪರಾಧ. 2016ರ ಆ ಎರಡು ದಿನ ಇವತ್ತು ಮತ್ತೆ ನಡೆದರೆ ಆ ಹೆಣ್ಣುಮಕ್ಕಳು ಅಪರಾಧಿಗಳು, ಅವರ ಹೋರಾಟಕ್ಕೆ ಹಣ ಕೂಡಿಸಿಕೊಟ್ಟವರೂ ಅಪರಾಧಿಗಳು. ಇನ್ನೊಂದು ಕಡೆ ರಾಜ್ಯದ ಜವಳಿ ಮತ್ತು ಸಿದ್ಧ ಉಡುಪು ನೀತಿಯಲ್ಲಿ ಫ್ಯಾಕ್ಟರಿಗಳಿಗೆ ಬಂಡವಾಳದ ಸಬ್ಸಿಡಿ, ಬಡ್ಡಿ ಸಬ್ಸಿಡಿ, ವಿದ್ಯುತ್ ಸಬ್ಸಿಡಿ ಇವೆ. ಅವು ಬೇಡ ಎಂದು ನಾನು ಹೇಳುವುದಿಲ್ಲ, ಹಳ್ಳಿಗಳ ಹತ್ತಿರ ಕೆಲಸ ಹುಟ್ಟಬೇಕು. ಆದರೆ ಒಂದು ಕಡೆಗೆ ನೆರವಿನ ಕೈ, ಇನ್ನೊಂದು ಕಡೆಗೆ ದಂಡದ ಕೈ ಚಾಚಿದ ಮೇಲೆ ನಾವು ನಡುವೆ ನಿಂತಿದ್ದೇವೆ ಎಂದು ಹೇಳಬೇಡಿ.

ಮುಷ್ಕರಕ್ಕೆ ನೆರವು ಕೊಟ್ಟರೆ ದಿನಾ ಮುಷ್ಕರವಾಗುತ್ತದೆ ಎಂಬ ಭಯಕ್ಕೂ ಉತ್ತರವಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಮುಷ್ಕರ ಹೂಡಿದವರಿಗೆ ಒಂದು ಕಾಯುವ ಅವಧಿಯ ನಂತರ ನಿರುದ್ಯೋಗ ವಿಮೆ ದಶಕಗಳಿಂದ ಸಿಗುತ್ತಿದೆ. ನ್ಯೂಜೆರ್ಸಿಯಲ್ಲೂ ಇದೆ. 2025ರಲ್ಲಿ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳು ಅಂಥ ಕಾನೂನು ಮಾಡಿದವು. ವಾಷಿಂಗ್ಟನ್ನಿನಲ್ಲಿ ಆರು ವಾರ, ಆರೆಗಾನಿನಲ್ಲಿ ಹತ್ತು ವಾರದವರೆಗೆ. ಆರೆಗಾನ್ ಸರ್ಕಾರಿ ನೌಕರರನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದ ಶಾಸಕರು 2023ರಲ್ಲಿ ಒಪ್ಪಿದ ಮಸೂದೆಯನ್ನು ಗವರ್ನರ್ ತಡೆದರು. ಅಂದರೆ ವಾದ ಅಲ್ಲೂ ಮುಗಿದಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಕೈಗಾರಿಕೆ ಮುಚ್ಚಿಹೋಗಿಲ್ಲ. ಸಂಬಳದ ಒಂದು ಭಾಗ ಕೈಗೆ ಬರುತ್ತದೆ ಎಂಬ ಕಾರಣಕ್ಕೆ ಪೂರ್ತಿ ಸಂಬಳ ಬಿಟ್ಟು ಬಿಸಿಲಿನಲ್ಲಿ ಕೂರುವ ಮನುಷ್ಯರು ಎಲ್ಲೂ ಇಲ್ಲ.

ಇನ್ನು ಸರ್ಕಾರವೇ ಮಾಲೀಕನಾಗಿರುವ ಕಡೆ. ಇಲ್ಲಿ ಪ್ರಶ್ನೆ ಇನ್ನೂ ಕಷ್ಟದ್ದು. ಆಶಾ, ಅಂಗನವಾಡಿ, ಬಿಸಿಯೂಟದ ಹೆಣ್ಣುಮಕ್ಕಳಿಗೆ ನಾವು ಕೊಡುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದ ಪ್ರಕರಣದಲ್ಲೇ. 2022ರಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟು ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಇವರಿಗೆ ಇಎಸ್‌ಐ ಇಲ್ಲ, ಹಾಗಾಗಿ ನಾನು ಮೇಲೆ ಹೇಳಿದಂಥ ಕಲಂ ಕಸಿದುಕೊಳ್ಳಲೂ ಇವರ ಬಳಿ ಏನೂ ಇಲ್ಲ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಬಂತು, ಎದ್ದು ಹೋದರು. ಅದೇ ವರ್ಷ ಆಗಸ್ಟಿನಲ್ಲಿ ಮತ್ತೆ ಧರಣಿ ಕೂರಬೇಕಾಯಿತು.

ಸರ್ಕಾರ ತನ್ನ ವಿರುದ್ಧದ ಧರಣಿಗೆ ತಾನೇ ಹಣ ಕೊಡಬೇಕೇ ಎಂದು ನೀವು ಕೇಳಬಹುದು. ಧರಣಿಯ ದಿನದ ಗೌರವಧನ ಹಿಡಿದುಕೊಂಡರೆ ಅದನ್ನು ಒಪ್ಪಲು ನಾನು ಸಿದ್ಧ. ಆದರೆ ಅದಕ್ಕೆ ಮುಂಚೆ ದುಡಿದ ದಿನಗಳ ಹಣ ತಡೆಹಿಡಿಯುವುದನ್ನು ಒಪ್ಪಲಾರೆ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ 7ರಿಂದ 21ರವರೆಗೆ ನಡೆಯಿತು. ನಡುವೆ 13ರಂದು ಯುಗಾದಿ ಬಂತು. ಮಾರ್ಚ್‌ನಲ್ಲಿ ದುಡಿದ ಸಂಬಳವೇ ಹಬ್ಬಕ್ಕೆ ಕೈಗೆ ಬರಲಿಲ್ಲ ಎಂಬುದು ಆ ಮನೆಗಳ ದೊಡ್ಡ ದೂರು. ಹೆಂಡತಿ ಮಕ್ಕಳು ತಟ್ಟೆ ಲೋಟ ಬಡಿಯುತ್ತ ಬೀದಿಗೆ ಬಂದರು. ಎಷ್ಟೋ ಜನರಿಗೆ ವಜಾ, ಅಮಾನತು, ವರ್ಗಾವಣೆ ಆಯಿತು. ಆ ನೌಕರರ ಬೇಡಿಕೆಯನ್ನು ನೀವು ಒಪ್ಪದಿರಬಹುದು. ಸರ್ಕಾರ ಮಾದರಿ ಮಾಲೀಕನಾಗಿರಬೇಕು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ದುಡಿದ ತಿಂಗಳ ಸಂಬಳ ಮುಷ್ಕರದ ಆಯುಧವಾಗಬಾರದು ಎಂಬಷ್ಟನ್ನಾದರೂ ಒಪ್ಪಿ.

ಇಷ್ಟು ಹೇಳಿದ ಮೇಲೆ ನಿಮ್ಮಿಂದ ಆಗಬೇಕಾದ್ದನ್ನು ಹೇಳುತ್ತೇನೆ. ಇಎಸ್‌ಐ ಕೇಂದ್ರದ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ಆದರೆ ಕಾನೂನುಬದ್ಧ ಮುಷ್ಕರದ ದಿನಗಳಿಗೂ ಕಾಯಿಲೆಯ ಭತ್ಯೆ ಸಲ್ಲಬೇಕು ಎಂದು ಎರಡೂ ಸದನ ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು. ಭತ್ಯೆಯ ಅರ್ಹತೆಗೆ ಆರು ತಿಂಗಳಲ್ಲಿ 78 ದಿನದ ವಂತಿಗೆ ಬೇಕು, ಏಪ್ರಿಲ್–ಸೆಪ್ಟೆಂಬರಿನ ವಂತಿಗೆಯ ಫಲ ಸಿಗುವುದು ಮುಂದಿನ ಜನವರಿಯಿಂದ. ಬೇಸಿಗೆಯಲ್ಲಿ ನಡೆದ ದೀರ್ಘ ಮುಷ್ಕರ ಜನವರಿಯಲ್ಲಿ ಕಾಯಿಲೆ ಬಿದ್ದವಳ ಭತ್ಯೆಯನ್ನೂ ತಿನ್ನಬಹುದು. ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದೂ ಅದೇ ನಿರ್ಣಯದಲ್ಲಿ ಸೇರಿಸಿ.

ನಿಮ್ಮ ಕೈಯಲ್ಲೇ ಇರುವುದು 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ. ಆ ನಿಧಿಗೆ ವರ್ಷಕ್ಕೆ ಕಾರ್ಮಿಕರಿಂದ 50, ಮಾಲೀಕರಿಂದ 100, ಸರ್ಕಾರದಿಂದ 50 ರೂಪಾಯಿ ಬರುವಂತೆ ತಿದ್ದುಪಡಿ ಮಾಡಿದವರು ನೀವೇ. ಅದರಿಂದ ಈಗ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಮುಂತಾದವು ನಡೆಯುತ್ತಿವೆ. ಅದೇ ಕಾಯ್ದೆಯಡಿ ಮುಷ್ಕರ ಸಂಕಷ್ಟ ನೆರವು ಎಂಬ ಒಂದು ಬಾಬ್ತು ತೆರೆಯಿರಿ. ಇಎಸ್‌ಐ ಮಿತಿಯೊಳಗಿನ ಸಂಬಳದವರಿಗೆ ಮಾತ್ರ ಕೊಡಿ. ನೋಟಿಸು ಕೊಟ್ಟು ಹೂಡಿದ ಮುಷ್ಕರ 14 ದಿನ ದಾಟಿದ ಮೇಲೆ ಶುರುಮಾಡಿ. ರಾಜ್ಯದ ಕನಿಷ್ಠ ಕೂಲಿಯ ಅರ್ಧದಷ್ಟನ್ನು ನೇರ ಆಕೆಯ ಖಾತೆಗೆ ಹಾಕಿ, ಇಷ್ಟು ವಾರ ಎಂದು ಗಡಿಯೂ ಇರಲಿ. ಮಾಲೀಕರೇ ಬೀಗಮುದ್ರೆ ಹಾಕಿದ್ದರೆ ಆ 14 ದಿನ ಕಾಯಿಸಬೇಡಿ. ತಲೆಗೆ 200 ರೂಪಾಯಿಯ ನಿಧಿ ಇದಕ್ಕೆಲ್ಲ ಸಾಲದು ಎಂದು ಅಧಿಕಾರಿಗಳು ಹೇಳುತ್ತಾರೆ. ಎಲ್ಲರೂ ಒಂದೇ ವರ್ಷ ಮುಷ್ಕರ ಹೂಡುವುದಿಲ್ಲ, ವಿಮೆ ನಡೆಯುವುದೇ ಹಾಗೆ. ಸಾಲದಿದ್ದರೆ ವರ್ಷಕ್ಕೆ ಇನ್ನು ಕೆಲವು ರೂಪಾಯಿ ಏರಿಸಿ. ಕಾರ್ಮಿಕರ ಪಾಲನ್ನೂ ಏರಿಸಿ. ಕೊಡಲು ಅವರು ಹಿಂಜರಿಯುವುದಿಲ್ಲ ಎಂದು ನನಗೆ ನಂಬಿಕೆಯಿದೆ.

ಗೌರವಧನದವರಿಗೆ ಈ ನಿಧಿಯ ಬಾಗಿಲು ಮುಚ್ಚಿದೆ. ಅವರನ್ನು ಅದರೊಳಗೆ ಸೇರಿಸಲು ಕಾಯ್ದೆಗೆ ಒಂದು ಸಾಲು ಸೇರಿಸಿದರೆ ಸಾಕು. ಅದರ ಜೊತೆ, ಧರಣಿಗೆ ಹೋದವರ ದುಡಿದ ದಿನಗಳ ಹಣ ತಡೆಹಿಡಿಯುವಂತಿಲ್ಲ ಎಂದು ಎಲ್ಲ ಇಲಾಖೆಗೂ ಒಂದು ಸುತ್ತೋಲೆ ಹೊರಡಲಿ. ಅದಕ್ಕೆ ಬಜೆಟ್ ಬೇಕಿಲ್ಲ, ಒಂದು ಸಹಿ ಬೇಕು.

ಕಾರ್ಮಿಕ ಸಂಹಿತೆಗಳ ಅಡಿಯಲ್ಲಿ ರಾಜ್ಯದ ನಿಯಮಗಳ ಮಾತು ನಡೆಯುತ್ತಿರುವ ಕಾಲ ಇದು. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾವ ಸಾಲಿನಲ್ಲಿ ಕೂತವರಾದರೂ ಸರಿ, ಮುಂದಿನ ಅಧಿವೇಶನದಲ್ಲಿ ಕಲ್ಯಾಣ ನಿಧಿ ಕಾಯ್ದೆಗೆ ಈ ತಿದ್ದುಪಡಿಯನ್ನು ಖಾಸಗಿ ಮಸೂದೆಯಾಗಿ ಮಂಡಿಸಿ. ಅದು ಬಿದ್ದುಹೋದರೂ ಚಿಂತೆಯಿಲ್ಲ, ಯಾರು ಪರ, ಯಾರು ವಿರೋಧ ಎಂದು ಸದನದ ಕಡತದಲ್ಲಿ ದಾಖಲಾಗಲಿ. ನಿಮ್ಮ ಕ್ಷೇತ್ರದ ಹೆಣ್ಣುಮಕ್ಕಳು ಅದನ್ನು ಓದಿಕೊಳ್ಳುತ್ತಾರೆ.

ವಿಶ್ವಾಸದಿಂದ,
ಈ ರಾಜ್ಯದ ಒಬ್ಬ ಮತದಾರ